ಇಡಿಯಾಗಿ ಉಳಿದಿರುವ ರೋಮನ್ ದೇವಾಲಯ ಎಲ್ಲಾದರೂ ಇದೆಯೇ? ಅದು ಗ್ರೀಕ್ ದೇವಾಲಯಕ್ಕಿಂತ ಹೇಗೆ ಭಿನ್ನ?

ಇದೆ. ಈ ಪ್ರಶ್ನೆ ಬಂದಾಗ ಹೆಚ್ಚಿನವರು ರೋಮಿನ ಪ್ಯಾಂಥಿಯನ್ ಕಡೆಗೆ ಕೈ ತೋರಿಸುತ್ತಾರೆ. ಅದರ ಗುಮ್ಮಟದ ಮೇಲೆ ನನಗೂ ಅಪಾರ ಗೌರವವಿದೆ. ಆದರೆ ಅಂಥದ್ದು ಅದೊಂದೇ. ರೋಮನ್ನರು ಊರೂರಿನಲ್ಲಿ ಕಟ್ಟಿಸುತ್ತಿದ್ದ ಗುಡಿಯ ರೂಪ ತಿಳಿಯಬೇಕಾದರೆ ದಕ್ಷಿಣ ಫ್ರಾನ್ಸಿನ ನೀಮ್ ನಗರದಲ್ಲಿರುವ ಮೇಸೋಂ ಕಾರೆಯನ್ನು ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಗ್ರೀಕ್ ಗುಡಿಯನ್ನು ನಾಲ್ಕೂ ಕಡೆಯಿಂದ ಏರಬಹುದು, ಕಂಬಸಾಲಿನ ಒಳಗೆ ಸುತ್ತು ಬರಬಹುದು. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಆಳೆತ್ತರವನ್ನೂ ಮೀರಿದ ಜಗತಿ, ಮುಂಭಾಗದಲ್ಲಿ ಮಾತ್ರ 15 ಮೆಟ್ಟಿಲು. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕು, ಬಲಗಾಲಿಟ್ಟು ಹತ್ತಲು ತೊಡಗಿದವನು ಬಲಗಾಲಿಟ್ಟೇ ಮೇಲೆ ತಲುಪಬೇಕು ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಆಳವಾದ ಮುಖಮಂಟಪದಲ್ಲಿ 10 ಬಿಡಿಗಂಬಗಳಿವೆ. ಉಳಿದ 20 ಗರ್ಭಗುಡಿಯ ಗೋಡೆಯಲ್ಲೇ ಹುದುಗಿದ ಅರ್ಧಗಂಬಗಳು. ಗ್ರೀಕರ ಕಂಬಸಾಲಿನ ಸೊಬಗೂ ಸಿಕ್ಕಿತು, ಒಳಗಿನ ಜಾಗವೂ ಉಳಿಯಿತು. ಈ ಜಾಣತನ ನನಗೆ ಬಹಳ ಇಷ್ಟ.

ಕಟ್ಟಡ ಉಳಿದದ್ದು ಯಾರೂ ಅದನ್ನು ಖಾಲಿ ಬಿಡದ ಕಾರಣಕ್ಕೆ. ಚರ್ಚು, ಕುದುರೆ ಲಾಯ, ದಾಖಲೆಗಳ ಕಚೇರಿ, ಹೀಗೆ ಒಂದಲ್ಲ ಒಂದು ಬಳಕೆ ಇದ್ದೇ ಇತ್ತು. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅದನ್ನು ಕಟ್ಟಿದ ಕಾಲ ತಿಳಿದ ಬಗೆಯಂತೂ ಅದ್ಭುತ. ಮುಂಭಾಗದ ತೊಲೆಯ ಮೇಲಿದ್ದ ಕಂಚಿನ ಅಕ್ಷರಗಳು ಎಂದೋ ಹೋಗಿದ್ದವು. ಅವನ್ನು ನಿಲ್ಲಿಸಲು ಕೊರೆದಿದ್ದ ತೂತುಗಳಷ್ಟೇ ಉಳಿದಿದ್ದವು. 1758ರಲ್ಲಿ ಅದೇ ಊರಿನ ವಿದ್ವಾಂಸ ಜ್ಯಾಂ ಫ್ರಾನ್ಸುವಾ ಸೆಗಿಯೆ ಆ ತೂತುಗಳ ಸ್ಥಾನವನ್ನು ಗುರುತಿಸಿಕೊಂಡು, ಯಾವ ಅಕ್ಷರಕ್ಕೆ ಯಾವ ತೂತು ಹೊಂದುತ್ತದೆ ಎಂದು ತಾಳೆ ನೋಡಿ, ಇಡೀ ಶಾಸನವನ್ನು ಓದಿದ. ಗುಡಿಯನ್ನು ಗಾಯಸ್ ಸೀಸರ್ ಮತ್ತು ಲೂಸಿಯಸ್ ಸೀಸರ್ ಅವರಿಗೆ ಅರ್ಪಿಸಲಾಗಿತ್ತು. ಇಬ್ಬರೂ ರೋಮನ್ ಸೇನಾಪತಿ ಅಗ್ರಿಪ್ಪನ ಮಕ್ಕಳು. ಚಕ್ರವರ್ತಿ ಅಗಸ್ಟಸ್ ದತ್ತು ತೆಗೆದುಕೊಂಡು ಉತ್ತರಾಧಿಕಾರಿಗಳೆಂದು ಬೆಳೆಸಿದ್ದ ಮೊಮ್ಮಕ್ಕಳು. ಲೂಸಿಯಸ್ ಕ್ರಿ.ಶ. 2ರಲ್ಲಿ ನೀಮ್‌ಗೆ ದೂರವಲ್ಲದ ಇಂದಿನ ಮಾರ್ಸೆಯಲ್ಲಿ ತೀರಿಕೊಂಡ; ಎರಡು ವರ್ಷಗಳ ನಂತರ ಗಾಯಸ್ ಕೂಡ ಹೋದ. ಗುಡಿ 1ನೇ ಶತಮಾನದ ಆರಂಭದ್ದು ಎಂದು ಹೇಳಲು ಇಂದಿಗೂ ಮುಖ್ಯ ಆಧಾರ ಆ ಶಾಸನವೇ. ನೀವು ಅಲ್ಲಿಗೆ ಹೋದರೆ ಮೆಟ್ಟಿಲು ಹತ್ತುವ ಮೊದಲು ತಲೆಯೆತ್ತಿ ನೋಡಿ, ತೂತುಗಳು ಈಗಲೂ ಕೆಳಗಿನಿಂದಲೇ ಕಾಣಿಸುತ್ತವೆ.