ಒಂದೇ ಟೇಬಲ್‌ನ ಹೋದ ತಿಂಗಳ ಸಾಲಿನಿಂದ ಈ ತಿಂಗಳ ಸಾಲನ್ನು ಅಪ್‌ಡೇಟ್ ಮಾಡುವುದು ಹೇಗೆ?

ಹೋದ ತಿಂಗಳ ಮೀಟರ್ ಅಳತೆಯನ್ನು ಈ ತಿಂಗಳ ಸಾಲಿನ 'ಹಿಂದಿನದು' ಕಾಲಂಗೆ ತರಬೇಕು, ಸಬ್‌ಕ್ವೆರಿ (ಕ್ವೆರಿಯೊಳಗೆ ಇನ್ನೊಂದು ಕ್ವೆರಿ) ಹಾಕಿದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ 1093 ಎರರ್ ಕೊಡುತ್ತಿದೆ ಅಂತ ಕೇಳಿದ್ದೀರಿ. ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟ್‌ನ ನೀರಿನ ಬಿಲ್ಲಿಗೆ ನಾನೂ ಇದೇ ಕೆಲಸ ಮಾಡಿದ್ದೆ. ಒದೆಯೂ ತಿಂದಿದ್ದೆ.

ಯಾವ ಟೇಬಲ್ ಅಪ್‌ಡೇಟ್ ಆಗುತ್ತಿದೆಯೋ ಅದನ್ನೇ ಸಬ್‌ಕ್ವೆರಿಯಲ್ಲಿ ನೇರವಾಗಿ ಓದಲು ಮೈಎಸ್‌ಕ್ಯೂಎಲ್ ಬಿಡುವುದಿಲ್ಲ. ಜಾಯಿನ್ ಮಾಡಿದರೆ, ಅಂದರೆ ಸಾಲುಗಳನ್ನು ಜೋಡಿಸಿದರೆ, ತಕರಾರಿಲ್ಲ. ರೀಡಿಂಗ್ ಟೇಬಲ್‌ಗೆ 'ಈಗ', 'ಹೋದ' ಅಂತ ಎರಡು ಅಡ್ಡಹೆಸರು (ಅಲಿಯಾಸ್) ಕೊಡಿ, ಸಾಕು. (ಕನ್ನಡದಲ್ಲಿ ಬರೆದಿದ್ದೇನೆ, ಕೀವರ್ಡ್‌ಗಳನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.)

ಅಪ್‌ಡೇಟ್ ರೀಡಿಂಗ್ ಈಗ
ಜಾಯಿನ್ ರೀಡಿಂಗ್ ಹೋದ
ಆನ್ ಹೋದ.ಮನೆ = ಈಗ.ಮನೆ ಆಂಡ್ ಹೋದ.ತಿಂಗಳು = ಈಗ.ತಿಂಗಳು - 1
ಸೆಟ್ ಈಗ.ಹಿಂದಿನದು = ಹೋದ.ಅಳತೆ;

ಮುಂದೆ ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ಗೆ ಹೋದರೆ ಇದು ನಡೆಯಲ್ಲ. ಅಲ್ಲಿ ಹೀಗೆ:

ಅಪ್‌ಡೇಟ್ ರೀಡಿಂಗ್ ಈಗ
ಸೆಟ್ ಹಿಂದಿನದು = ಹೋದ.ಅಳತೆ
ಫ್ರಮ್ ರೀಡಿಂಗ್ ಹೋದ
ವೇರ್ ಹೋದ.ಮನೆ = ಈಗ.ಮನೆ ಆಂಡ್ ಹೋದ.ತಿಂಗಳು = ಈಗ.ತಿಂಗಳು - 1;

ಸೆಟ್ ಆದ ಮೇಲೆ ಬರುವ ಕಾಲಂಗೆ ಅಡ್ಡಹೆಸರು ಅಂಟಿಸಬಾರದು. ಫ್ರಮ್‌ನಲ್ಲಿ ಟೇಬಲ್ ಒಂದೇ ಸಲ ಬರಬೇಕು. ನಾನು ಎಡವಿದ್ದು ಇಲ್ಲೇ. ಆಫೀಸಿನಲ್ಲಿ ಎಸ್‌ಕ್ಯೂಎಲ್ ಸರ್ವರ್ ಬಳಸಿ ರೂಢಿ, ಅಲ್ಲಿ ಫ್ರಮ್‌ನಲ್ಲೇ 'ಈಗ', 'ಹೋದ' ಎರಡನ್ನೂ ಬರೆದು ಜಾಯಿನ್ ಮಾಡುತ್ತೇವೆ. ಪೋಸ್ಟ್‌ಗ್ರೆಸ್‌ನಲ್ಲೂ ಸುಮ್ನೆ ಅದೇ ಥರ ಬರೆದೆ. ಅದು ಅಪ್‌ಡೇಟ್ ಪಕ್ಕದ ರೀಡಿಂಗನ್ನು ಮೂರನೇ ಪ್ರತಿ ಅಂತ ತಿಳಿದುಕೊಂಡಿತು. ಆ ಮೂರನೆಯದಕ್ಕೆ ಕಂಡೀಷನ್ನೇ ಇಲ್ಲ ಅಲ್ವಾ? ಎರರ್ ಬರಲಿಲ್ಲ, 36 ಮನೆಗೂ ಒಂದೇ ಹಳೇ ಅಳತೆ ಕೂತಿತು. ಮೂರನೇ ಮಹಡಿಯ ಆಂಟಿ ಬಿಲ್ ಹಿಡಿದುಕೊಂಡೇ ಕೆಳಗೆ ಬಂದರು. "ಏನ್ರೀ, ನಾವು ತಿಂಗಳಿಡೀ ಊರಲ್ಲೇ ಇರ್ಲಿಲ್ಲ, ಇಷ್ಟು ನೀರು ಯಾರು ಕುಡಿದ್ರು?"

ಈಗ ಮೊದಲು ಅದೇ ಜಾಯಿನನ್ನು ಸೆಲೆಕ್ಟ್ ಮಾಡಿ ಕಣ್ಣಲ್ಲಿ ನೋಡುತ್ತೇನೆ. ಸಾಲುಗಳು ಜಾಸ್ತಿ ಬಂದರೆ ಯಾವುದೋ ಮನೆಗೆ ಒಂದೇ ತಿಂಗಳಲ್ಲಿ ಎರಡು ರೀಡಿಂಗ್ ಇದೆ ಅಂತ. ಹಾಗೇ ಬಿಟ್ಟರೆ ಎರಡರಲ್ಲಿ ಯಾವುದು ಕೂರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಮನೆ, ತಿಂಗಳು ಎರಡೂ ಸೇರಿಸಿ ಯೂನಿಕ್ ಮಾಡಿಬಿಡಿ, ಆಗ ಒಂದು ಮನೆಗೆ ತಿಂಗಳಿಗೆ ಒಂದೇ ಸಾಲು.

ಇನ್ನೊಂದು, ತಿಂಗಳನ್ನು 1ರಿಂದ 12 ಅಂತ ಇಟ್ಟಿದ್ದರೆ ಜನವರಿಗೆ ಜೋಡಿಯೇ ಸಿಗಲ್ಲ, 1ರಲ್ಲಿ 1 ಕಳೆದರೆ ಸೊನ್ನೆ. ವರ್ಷವನ್ನು 12ರಿಂದ ಗುಣಿಸಿ ತಿಂಗಳು ಕೂಡಿಸಿ ಇಡಿ. ಆಗ 2024ರ ಡಿಸೆಂಬರ್ 24300, ಮರುತಿಂಗಳು 24301.