ಕಾನೂನಿನ ಪುಸ್ತಕ ಎಲ್ಲಿ ಸಿಗುತ್ತೆ ಮೇಡಂ?

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಬರೆಯುವಾಗ ‘ಆ ಸೆಕ್ಷನ್ ನೀವೇ ಒಮ್ಮೆ ಓದಿಬಿಡಿ’ ಎಂದು ಸುಮ್ನೆ ಒಂದು ಸಾಲು ಸೇರಿಸಿದ್ದೆ. ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಸಾಲಿನ ಮೇಲೇ ಜಗಳಕ್ಕೆ ಬಂದಿವೆ. ಎಲ್ಲಿ ಓದುವುದು, ಯಾರು ಕೊಡುತ್ತಾರೆ, ಓದಿದರೆ ಅರ್ಥ ಆಗುತ್ತಾ? ಜಗಳ ನ್ಯಾಯವಾದದ್ದೇ. ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ನಮ್ಮೂರ ಲೈಬ್ರರಿಯಲ್ಲಿ ಕಾನೂನಿನ ಪುಸ್ತಕ ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ತೋರಿಸಿದರು. ಕೋರ್ಟಿನ ಹತ್ತಿರ ವಕೀಲರ ಲೈಬ್ರರಿ ಇದೆ, ಅದು ಸದಸ್ಯರಿಗೆ ಮಾತ್ರವಂತೆ. ‘ಕಾನೂನು ಗೊತ್ತಿರಲಿಲ್ಲ’ ಅಂದರೆ ಕೋರ್ಟು ಒಪ್ಪಲ್ಲ ಅಂತೀರಿ. ಗೊತ್ತು ಮಾಡಿಕೊಳ್ಳುವುದು ಎಲ್ಲಿ? — ಮಲೆನಾಡಿನ ಓದುಗರು

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟಿಗೆ ಸುಪ್ರೀಂ ಕೋರ್ಟಿನ ಬೆಂಬಲವೇ ಇದೆ. ಹರ್ಲಾ ಅನ್ನುವವರಿಗೆ ಜೈಪುರ ಸಂಸ್ಥಾನದ ಅಫೀಮು ಕಾಯ್ದೆಯಡಿ 50 ರೂಪಾಯಿ ದಂಡ ಬಿದ್ದಿತ್ತು. ಅವರು ಸುಪ್ರೀಂ ಕೋರ್ಟಿನ ತನಕ ಹೋದರು. ಆ ಕಾಯ್ದೆಯನ್ನು ಸಂಸ್ಥಾನದ ಕೌನ್ಸಿಲು ನಿರ್ಣಯ ಮಾಡಿ ಒಳಗೇ ಇಟ್ಟುಕೊಂಡಿತ್ತು, ಜನರಿಗೆ ತಿಳಿಯುವ ಹಾಗೆ ಪ್ರಕಟಿಸಿಯೇ ಇರಲಿಲ್ಲ. ಜನರಿಗೆ ತಿಳಿಸದ ಕಾನೂನಿನಡಿ ಶಿಕ್ಷೆ ಕೊಡುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 1951ರಲ್ಲಿ ಕೋರ್ಟು ಆ ಶಿಕ್ಷೆಯನ್ನು ತೆಗೆದುಹಾಕಿತು. ಅಂದರೆ ತಿಳಿಸುವ ಜವಾಬ್ದಾರಿ ಸರ್ಕಾರದ್ದು. ಗೆಜೆಟ್ ಇರುವುದೇ ಅದಕ್ಕೆ. ಗೆಜೆಟ್ ಓದುವವರು ಎಷ್ಟು ಜನ ಅನ್ನುವುದು ಬೇರೆ ಮಾತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಸಾರ್ವಜನಿಕ ಕಾನೂನು ಲೈಬ್ರರಿ, ಅಂದರೆ ಯಾರು ಬೇಕಾದರೂ ಒಳಗೆ ಹೋಗಿ ಸೆಕ್ಷನ್ನು, ತೀರ್ಪು ಓದಿ ಬರುವಂಥ ಜಾಗ, ನಮ್ಮ ತಾಲ್ಲೂಕುಗಳಲ್ಲಿ ಕಾಣಸಿಗುವುದಿಲ್ಲ. ಇದು ನನಗೂ ಬೇಸರದ ವಿಷಯ. ಆದರೆ ಆ ಲೈಬ್ರರಿಯಲ್ಲಿ ಇರಬೇಕಾದದ್ದರಲ್ಲಿ ಬಹುಪಾಲು ಈಗ ಪುಕ್ಕಟೆಯಾಗಿ ಕಂಪ್ಯೂಟರಿನಲ್ಲಿದೆ. ಕೇಂದ್ರದ ಕಾಯ್ದೆಗಳಿಗೆ ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ಜಾಲತಾಣ. ನಮ್ಮ ರಾಜ್ಯದ ಕಾಯ್ದೆಗಳಿಗೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ, ಅಲ್ಲಿ ಕನ್ನಡದಲ್ಲೂ ಸಿಗುತ್ತವೆ. ಕಂಪ್ಯೂಟರ್ ಇಲ್ಲವೇ? ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಎಷ್ಟೋ ಕಡೆ ಅಲ್ಲಿ ಕಂಪ್ಯೂಟರ್ ಇಟ್ಟಿದ್ದಾರೆ. ಹೋಗಿ ‘ಇಂಡಿಯಾ ಕೋಡ್ ತೆಗೆದುಕೊಡಿ’ ಅಂತ ಕೇಳಿ.

ಹಾಗೇ ನಿಮ್ಮೂರ ಲೈಬ್ರರಿಯಲ್ಲಿ ಬೇರ್ ಆ್ಯಕ್ಟ್ ಬೇಕು ಎಂದು ಬರೆದುಕೊಡಿ. ಬೇರ್ ಆ್ಯಕ್ಟ್ ಅಂದರೆ ಟೀಕೆ ಟಿಪ್ಪಣಿ ಇಲ್ಲದೆ ಬರೀ ಕಾಯ್ದೆ ಇರುವ ತೆಳ್ಳಗಿನ ಪುಸ್ತಕ. ದುಡ್ಡಿಲ್ಲ ಅಂದರೆ ಸುಮ್ಮನಿರಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದಾಗಿನಿಂದ ಮನೆ ಕಂದಾಯದ ಜೊತೆ ಲೈಬ್ರರಿ ಸೆಸ್ ವಸೂಲಿ ಮಾಡುತ್ತಾರೆ. ರಸೀದಿ ತೆಗೆದು ನೋಡಿ. ಆ ದುಡ್ಡು ನಿಮ್ಮದೇ ಅಲ್ವಾ?

ಪ್ರಶ್ನೆ: ನಮ್ಮ ತಂದೆ 2001ರಲ್ಲಿ ತೀರಿಕೊಂಡರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಸೆಕ್ಷನ್ ಓದಿದೆ, ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ಸ್ಪಷ್ಟವಾಗಿದೆ. ಆದರೆ ನನ್ನ ಅಣ್ಣ ಒಂದು ಸುಪ್ರೀಂ ಕೋರ್ಟ್ ತೀರ್ಪಿನ ಪ್ರಿಂಟ್ ತಂದು ಮುಖಕ್ಕೆ ಹಿಡಿದ. 2005ಕ್ಕೆ ಅಪ್ಪ ಬದುಕಿದ್ದರೆ ಮಾತ್ರ ಪಾಲು ಅಂತ ಅದರಲ್ಲಿದೆ. ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಮುಗೀತಲ್ಲ ಅಕ್ಕಾ? — ಉತ್ತರ ಕರ್ನಾಟಕದ ಓದುಗರು

ಉತ್ತರ: ಮುಗಿದಿಲ್ಲ ತಂಗಿ. ನಿಮ್ಮ ಅಣ್ಣ ತಂದದ್ದು ಪ್ರಕಾಶ್ ವಿರುದ್ಧ ಫೂಲವತಿ, 2015ರ ತೀರ್ಪು ಇರಬೇಕು. ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ, ಮಗಳು ಇಬ್ಬರೂ ಬದುಕಿರಬೇಕು ಎಂದು ಅದರಲ್ಲಿ ಹೇಳಿದ್ದು ನಿಜ. ಆದರೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, ಆ ದಿನ ತಂದೆ ಬದುಕಿರಬೇಕಿಲ್ಲ. ಅಣ್ಣನ ಕಾಗದ ಸುಳ್ಳಲ್ಲ, ಹಳಸಿದೆ ಅಷ್ಟೇ.

ಕಾನೂನು ಓದುವಾಗ ಜನ ಎಡವುವುದು ಇಲ್ಲೇ. ನಾನು ಜೂನಿಯರ್ ಆಗಿದ್ದಾಗ ಆಫೀಸಿನಲ್ಲಿ ನನಗೆ ಕೊಟ್ಟ ಮೊದಲ ಕೆಲಸ ಅಂಟು ಮತ್ತು ಕತ್ತರಿ. ತಿದ್ದುಪಡಿ ಬಂದಾಗಲೆಲ್ಲ ಆ ಸಾಲುಗಳನ್ನು ಚೀಟಿಯ ಹಾಗೆ ಕತ್ತರಿಸಿ ಪುಸ್ತಕದ ಹಳೆಯ ಸಾಲಿನ ಮೇಲೆ ಅಂಟಿಸಬೇಕು. ಕೆಲವು ಪುಟಗಳು ಹಪ್ಪಳದಷ್ಟು ದಪ್ಪಗಾಗಿ ಉಬ್ಬಿಕೊಂಡಿರುತ್ತಿದ್ದವು. ಒಂದು ಸಲ ಅಂಟಿಸುವುದು ಮರೆತು ಸೀನಿಯರ್ ಹತ್ತಿರ ಬೈಸಿಕೊಂಡ ಮೇಲೆ ಗೊತ್ತಾಯಿತು, ಪುಸ್ತಕ ಇದ್ದರೆ ಸಾಲದು, ಅದು ಇವತ್ತಿಗೂ ಜೀವಂತ ಇದೆಯಾ ಅಂತ ನೋಡಬೇಕು.

ಆದರೆ ನೀವೂ ಖುಷಿಯಲ್ಲಿ ಅರ್ಧಕ್ಕೇ ನಿಲ್ಲಿಸಬೇಡಿ. 6ನೇ ಸೆಕ್ಷನ್ನಿನ ಮೊದಲ ಉಪಸೆಕ್ಷನ್ ಕೆಳಗೆ ‘ಆದರೆ’ ಎಂದು ಶುರುವಾಗುವ ಒಂದು ಪರಂತುಕ, ಅಂದರೆ ಷರತ್ತಿನ ಸಾಲು, ಇದೆ. ಕೊನೆಯಲ್ಲಿ 5ನೇ ಉಪಸೆಕ್ಷನ್ ಇದೆ. ಎರಡನ್ನೂ ಬೆರಳಿಟ್ಟು ಓದಿ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆಗಿಹೋದ ಪಾಲನ್ನು ಈ ಸೆಕ್ಷನ್ ಮುಟ್ಟುವುದಿಲ್ಲ. ‘ಪಾಲು ಅಂದರೆ ಯಾವುದು’ ಎಂದು ಅದರ ಕೆಳಗಿನ ವಿವರಣೆಯಲ್ಲಿದೆ: ರಿಜಿಸ್ಟರ್ ಆದ ಪಾಲುಪತ್ರ, ಇಲ್ಲವೇ ಕೋರ್ಟಿನ ಡಿಕ್ರಿ. ಬಾಯಿಮಾತಿನ ಪಾಲನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅಪರೂಪಕ್ಕೆ, ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲ ಇದ್ದರೆ ಒಪ್ಪಬಹುದು ಎಂದು ವಿನೀತಾ ಶರ್ಮಾ ತೀರ್ಪಿನಲ್ಲೇ ಇದೆ. ಹಾಗಾಗಿ ನಿಮ್ಮ ಮನೆಯಲ್ಲಿ 2004ರ ಒಳಗೆ ಏನಾದರೂ ಪಾಲುಪತ್ರ ರಿಜಿಸ್ಟರ್ ಆಗಿದೆಯಾ ಎಂದು ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ. ಇನ್ನೊಂದು ವಿಷಯ: ನಮ್ಮ ರಾಜ್ಯ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಜಾರಿ ಮಾಡಿತ್ತು. ನಿಮ್ಮ ಮದುವೆ ಯಾವಾಗ ಆಯಿತು ಎಂದು ನೀವು ಬರೆದಿಲ್ಲ. ವಕೀಲರ ಹತ್ತಿರ ಹೋದಾಗ ಅದನ್ನೂ ಹೇಳಿ.

ತೀರ್ಪು ಸುಪ್ರೀಂ ಕೋರ್ಟಿನ ‘ಇ-ಎಸ್‌ಸಿಆರ್’ ಎಂಬ ತೀರ್ಪುಗಳ ಜಾಲತಾಣದಲ್ಲಿ ಪುಕ್ಕಟೆ. 2023ರ ಜನವರಿಯಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ ಇಂಥ ವರದಿಗಳಿಗೆ ನಾವು ಸಾವಿರಾರು ರೂಪಾಯಿ ಸುರಿಯುತ್ತಿದ್ದೆವು. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಅನುವಾದ ನಿಮ್ಮ ತಿಳಿವಳಿಕೆಗೆ ಮಾತ್ರ, ಕೋರ್ಟಿನಲ್ಲಿ ನಡೆಯುವುದು ಇಂಗ್ಲಿಷ್ ಪ್ರತಿಯೇ.

ಪ್ರಶ್ನೆ: ಒಬ್ಬ ಮನುಷ್ಯ 2023ರಲ್ಲಿ ನನ್ನಿಂದ ದುಡ್ಡು ಇಸಕೊಂಡು ಮೋಸ ಮಾಡಿದ. 420 ಕೇಸು ಹಾಕಿಸಬೇಕು ಅಂದರೆ ನಮ್ಮ ಹುಡುಗ ‘420 ಈಗ ಇಲ್ಲವೇ ಇಲ್ಲ’ ಅಂತಾನೆ. ಮೋಸ ಮಾಡಿದರೆ ಈಗ ತಪ್ಪಲ್ವಾ? — ಮಂಡ್ಯ ಕಡೆಯ ಓದುಗರು

ಉತ್ತರ: ಹುಡುಗ ಹೇಳಿದ್ದು ಅರ್ಧ ಸರಿ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಸೆಕ್ಷನ್ ಇದ್ದದ್ದು 358 ಆಗಿದೆ. ಅಲ್ಲಿ ಮೋಸ 318ರಲ್ಲಿದೆ. ಆದರೆ ನಿಮಗೆ ಮೋಸ ಆದದ್ದು 2023ರಲ್ಲಿ. ತಪ್ಪು ನಡೆದ ದಿನ ಯಾವ ಕಾನೂನಿತ್ತೋ ಅದೇ ಅನ್ವಯ. ಆದ್ದರಿಂದ ನಿಮಗೆ ಹಳೆಯ 420ಯೇ, ಹಳೆಯ ಪುಸ್ತಕ ಗುಜರಿಗೆ ಹಾಕಬೇಡಿ. ‘ಅವನೊಬ್ಬ 318’ ಅಂತ ಬೈಯುವ ಕಾಲ ಬರಲು ಇನ್ನೂ ತಡವಿದೆ ಬಿಡಿ.

ಪ್ರಶ್ನೆ: ಮಗ ಲಾಸ್ ಏಂಜಲೀಸ್‌ನಲ್ಲಿದ್ದಾನೆ. ಬಾಡಿಗೆ ಮನೆ ಬಿಟ್ಟು ಎರಡು ತಿಂಗಳಾಯಿತು, ಅಡ್ವಾನ್ಸ್ ವಾಪಸ್ ಬಂದಿಲ್ಲ. ವಕೀಲರ ಫೀಸು ಕೇಳಿದರೆ ಅಡ್ವಾನ್ಸಿಗಿಂತ ಜಾಸ್ತಿ. ಯಾರೋ ‘ಲಾ ಲೈಬ್ರರಿಗೆ ಹೋಗು’ ಅಂದರಂತೆ. ಲೈಬ್ರರಿಗೆ ಹೋದರೆ ದುಡ್ಡು ಬರುತ್ತಾ? — ಮೈಸೂರಿನ ತಾಯಿ

ಉತ್ತರ: ಅಮ್ಮಾ, ದುಡ್ಡು ಬರುವ ದಾರಿ ಅಲ್ಲಿ ಸಿಗುತ್ತದೆ. ನಮ್ಮ ಮೇಷ್ಟ್ರು ಹುಡುಕುತ್ತಿರುವ ಲೈಬ್ರರಿ ಅದೇ. ಕ್ಯಾಲಿಫೋರ್ನಿಯಾದಲ್ಲಿ 1891ರ ಕಾನೂನಿನಡಿ ಕೌಂಟಿಗಳಲ್ಲಿ ಕಾನೂನು ಲೈಬ್ರರಿ ಮಾಡಿದರು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಸಿವಿಲ್ ದಾವೆ ಹಾಕುವವರು ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಈ ಲೈಬ್ರರಿಗೆ ಹೋಗುತ್ತದೆ. ಜಗಳ ಆಡುವವರ ದುಡ್ಡಿನಲ್ಲಿ ಜಗಳದ ಪುಸ್ತಕ! ನನಗೆ ಈ ಏರ್ಪಾಡು ಬಹಳ ಇಷ್ಟ. ಲಾಸ್ ಏಂಜಲೀಸ್‌ನದು ಊರ ನಡುವೆ, ಫಸ್ಟ್ ಸ್ಟ್ರೀಟಿನಲ್ಲಿದೆ. ಅಮೆರಿಕದ ಅತಿ ದೊಡ್ಡ ಸಾರ್ವಜನಿಕ ಕಾನೂನು ಲೈಬ್ರರಿಗಳಲ್ಲಿ ಒಂದು. ವಕೀಲರಾಗಬೇಕಿಲ್ಲ, ಯಾರು ಬೇಕಾದರೂ ಹೋಗಬಹುದು.

ಒಳಗೆ ಏನಿದೆ? ಪುಸ್ತಕಗಳಂತೂ ಇವೆ. ವಕೀಲರು ದುಬಾರಿ ಚಂದಾ ಕಟ್ಟಿ ನೋಡುವ ವೆಸ್ಟ್‌ಲಾ ಥರದ ಡೇಟಾಬೇಸನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ಪುಕ್ಕಟೆ ನೋಡಬಹುದು. ಒಂದು ತೀರ್ಪು ತೆರೆದರೆ ಪಕ್ಕದಲ್ಲಿ ಪುಟ್ಟ ಬಾವುಟ ಕಾಣಿಸುತ್ತದೆ. ಕೆಂಪು ಬಾವುಟ ಇದ್ದರೆ ಆ ತೀರ್ಪಿನ ಯಾವುದೋ ಒಂದು ಅಂಶವಾದರೂ ಈಗ ನಡೆಯುವುದಿಲ್ಲ ಎಂದು ಅರ್ಥ. ಮೇಲಿನ ಪತ್ರದ ಅಣ್ಣನ ಪ್ರಿಂಟಿಗೆ ಅಂಥದ್ದೊಂದು ಬಾವುಟ ಇದ್ದಿದ್ದರೆ ಒಂದು ಜಗಳ ಉಳಿಯುತ್ತಿತ್ತು. ಜೊತೆಗೆ ಕೋರ್ಟಿನ ಫಾರಂಗಳು, ಸಾಮಾನ್ಯ ಜನರಿಗಾಗಿ ಬರೆದ ಕೈಪಿಡಿಗಳು, ಆಗಾಗ ತರಗತಿಗಳು, ಕಾನೂನು ನೆರವಿನ ಕ್ಲಿನಿಕ್‌ಗಳು.

ಮಗನಿಗೆ ಇಷ್ಟು ಹೇಳಿ. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡಿನ 1950.5ನೇ ಸೆಕ್ಷನ್ ತೆಗೆಸಿ ಓದಲಿ. ಮನೆ ಬಿಟ್ಟ 21 ದಿನದೊಳಗೆ ಮಾಲೀಕ ಅಡ್ವಾನ್ಸ್ ವಾಪಸ್ ಕೊಡಬೇಕು, ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಅಂತ ಲೆಕ್ಕ ಬರೆದು ಕಳಿಸಬೇಕು. ಕೊಡದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್, ಅಂದರೆ ಸಣ್ಣ ಮೊತ್ತದ ದಾವೆಗಳ ಕೋರ್ಟು ಇದೆ. ವ್ಯಕ್ತಿಗಳು 12,500 ಡಾಲರ್ ತನಕ ಅಲ್ಲಿ ಕೇಳಬಹುದು. ದಾವೆ ಹಾಕುವ ಶುಲ್ಕ ಸಾಮಾನ್ಯವಾಗಿ 30ರಿಂದ 75 ಡಾಲರ್. ವಿಚಾರಣೆಯಲ್ಲಿ ಎರಡೂ ಕಡೆಯವರು ತಾವೇ ಮಾತಾಡಬೇಕು, ವಕೀಲರನ್ನು ನಿಲ್ಲಿಸುವ ಹಾಗಿಲ್ಲ. ಅಂದರೆ ಫೀಸಿನ ಪ್ರಶ್ನೆಯೇ ಇಲ್ಲ.

ಒಂದೇ ಎಚ್ಚರಿಕೆ. ಅಲ್ಲಿನ ಲೈಬ್ರೇರಿಯನ್ ಪುಸ್ತಕ ತೋರಿಸುತ್ತಾರೆ, ಫಾರಂ ಯಾವುದು ಅಂತಲೂ ತೋರಿಸುತ್ತಾರೆ. ‘ನಾನು ಗೆಲ್ತೀನಾ, ಇಲ್ಲಿ ಏನಂತ ಬರೀಲಿ’ ಅಂದರೆ ಕೈ ಮುಗಿದುಬಿಡುತ್ತಾರೆ. ಅಹಂಕಾರ ಅಂದುಕೊಳ್ಳಬಾರದು, ಕಾನೂನು ಸಲಹೆ ಕೊಡುವ ಅಧಿಕಾರ ಅವರಿಗಿಲ್ಲ. ಮೆಡಿಕಲ್ ಶಾಪಿನವರು ಚೀಟಿ ಓದಿ ಮಾತ್ರೆ ಕೊಡುತ್ತಾರೆ, ಕಾಯಿಲೆ ಏನು ಅಂತ ಹೇಳುವುದಿಲ್ಲ. (ನಮ್ಮಲ್ಲಿ ಅದನ್ನೂ ಹೇಳುತ್ತಾರೆ, ಇರಲಿ.)

ಪ್ರಶ್ನೆ: ನಮ್ಮ ಜಮೀನಿನ ಕೇಸು ಎಲ್ಲಿಗೆ ಬಂತು ಅಂತ ಕೇಳಿದರೆ ವಕೀಲರು ‘ನಡೀತಾ ಇದೆ’ ಅಂತಾರೆ. ಮೂರು ವರ್ಷದಿಂದ ಅದೇ ಮಾತು. ಬದಲಾಯಿಸೋಣ ಅಂದರೆ ದುಡ್ಡಿಲ್ಲ. ಇದಕ್ಕೂ ಪುಸ್ತಕ ಓದಬೇಕಾ? — ತುಮಕೂರು ಕಡೆಯ ಮಹಿಳೆ

ಉತ್ತರ: ಪುಸ್ತಕ ಬೇಡ, ಒಂದು ನಂಬರ್ ಸಾಕು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ವಕೀಲರ ಹತ್ತಿರ ಅದನ್ನು ಬರೆಸಿಕೊಳ್ಳಿ. ಸಿಗದಿದ್ದರೆ ನಿಮ್ಮ ಹೆಸರು, ದಾವೆ ಹಾಕಿದ ವರ್ಷ ಕೊಟ್ಟೂ ಹುಡುಕಬಹುದು. ‘ಇ-ಕೋರ್ಟ್ಸ್’ ಆ್ಯಪಿನಲ್ಲಿ ಹಾಕಿದರೆ ಯಾವ ದಿನ ಏನಾಯಿತು, ಮುಂದಿನ ದಿನಾಂಕ ಯಾವುದು, ಎಲ್ಲ ಸಾಲಾಗಿ ಬರುತ್ತದೆ. ಆ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಒಮ್ಮೆ ವಕೀಲರ ಹತ್ತಿರ ಹೋಗಿ ಮಾತಾಡಿ. ಅವರದೇ ತಪ್ಪು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಎದುರು ಪಾರ್ಟಿಗೆ ಸಮನ್ಸ್ ಮುಟ್ಟದೆ ವರ್ಷಗಟ್ಟಲೆ ನಿಂತ ಕೇಸುಗಳೂ ಇವೆ.

ವಕೀಲರನ್ನು ಬದಲಾಯಿಸಲೇಬೇಕು ಅನ್ನಿಸಿದರೆ ನಿಮ್ಮ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, ಆದಾಯ ಎಷ್ಟಿದ್ದರೂ. ಆದಾಯ ಪ್ರಮಾಣಪತ್ರ ತನ್ನಿ ಅಂದರೆ ಈ ಸೆಕ್ಷನ್ ತೋರಿಸಿ. ಫೋನಿನಲ್ಲಿ ಕೇಳುವುದಾದರೆ 15100. ಹೋಗುವಾಗ ದಾವೆಯ ನಕಲು, ಪಹಣಿ, ಇಲ್ಲಿಯವರೆಗಿನ ಆರ್ಡರ್‌ಗಳ ಜೆರಾಕ್ಸ್ ತೆಗೆದುಕೊಂಡು ಹೋಗಿ. ಮೂಲ ಪ್ರತಿ ಮನೆಯಲ್ಲೇ ಇರಲಿ.