ಸಿಲಿಂಡರ್ ಸ್ಪ್ಯಾನರ್ ಯಾರ ಹತ್ತಿರ ಇದೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಈ ವಾರ: ಮಹಾಮಾರಿಗೆ ಆಸ್ಪತ್ರೆ ನರ್ಸುಗಳ ತಯಾರಿ
ಉತ್ತರಿಸುವವರು: ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್

ಪ್ರಶ್ನೆ: ನಾನು 60 ಹಾಸಿಗೆಯ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹೋದ ತಿಂಗಳು ಸೋಂಕು ನಿಯಂತ್ರಣದ ಜವಾಬ್ದಾರಿ ಕೊಟ್ಟರು. ಕೋವಿಡ್ ಬಂದಾಗ ನಾನಿನ್ನೂ ಓದುತ್ತಿದ್ದೆ. ಈಗ ‘ಮುಂದಿನ ಮಹಾಮಾರಿಗೆ ಸಿದ್ಧತೆ’ ಅಂತ ಒಂದು ಫೈಲ್ ಮಾಡಿಡಿ ಎನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ? — ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಫೈಲ್ ಆಮೇಲೆ ಮಾಡೋಣ. ಮೊದಲು ಒಂದು ಸೋಮವಾರ ಬೆಳಿಗ್ಗೆ ನಿಮ್ಮ ಆಸ್ಪತ್ರೆಯ ಬಾಗಿಲಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಕೆಮ್ಮುತ್ತಾ ಬಂದವರು ಎಲ್ಲಿ ಕೂರುತ್ತಾರೆ? ಅವರ ಪಕ್ಕದಲ್ಲಿ ಯಾರಿದ್ದಾರೆ, ಬಸುರಿಯಾ, ಕೂಸು ಎತ್ತಿಕೊಂಡ ಅಜ್ಜಿಯಾ? ಅವರಿಗೆ ಮಾಸ್ಕ್ ಕೊಡುವವರು ಯಾರು? ಚೀಟಿ ಮಾಡಿಸಿ, ಡಾಕ್ಟರ್ ನೋಡಿ, ಎಕ್ಸ್‌ರೇಗೆ ಹೋಗಿ ಬರುವಷ್ಟರಲ್ಲಿ ಅವರು ಎಷ್ಟು ಜನರ ಹತ್ತಿರ ಹಾದುಹೋದರು? ಎಣಿಸಿ ಬರೆದುಕೊಳ್ಳಿ.

ಬಾಗಿಲಿನಿಂದಲೇ ಯಾಕೆ ಶುರು ಅಂದರೆ, ಹೊಸ ರೋಗ ತನ್ನ ಹೆಸರು ಹೇಳಿಕೊಂಡು ಒಳಗೆ ಬರುವುದಿಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಆದದ್ದು ಇದೇ. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಗೆ ಜ್ವರ ಅಂತ ಒಬ್ಬ ಯುವಕ ಬಂದ. ನಂತರ ಅವನನ್ನು ಮೆಡಿಕಲ್ ಕಾಲೇಜಿಗೆ ಕಳಿಸಿದರು. ಅಲ್ಲಿ ಸಿಟಿ ಸ್ಕ್ಯಾನ್ ಕೋಣೆಯ ಹೊರಗಿನ ಓಣಿಯಲ್ಲಿ ಅವನ ಹತ್ತಿರ ಇದ್ದ ಹಲವರಿಗೆ ಸೋಂಕು ತಗುಲಿತು. ಅದು ನಿಪಾ ವೈರಸ್ ಅಂತ ಗೊತ್ತಾಗುವ ಹೊತ್ತಿಗೆ ಅವನು ತೀರಿಕೊಂಡು ಸುಮಾರು ಎರಡು ವಾರ ಕಳೆದಿತ್ತು. ಪೇರಾಂಬ್ರದಲ್ಲಿ ಅವನ ಆರೈಕೆ ಮಾಡಿದ್ದ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ಹೋಗಿಬಿಟ್ಟರು. ಎರಡು ಪುಟ್ಟ ಮಕ್ಕಳ ತಾಯಿ. ಆಕೆ ಯಾವ ತಪ್ಪೂ ಮಾಡಿರಲಿಲ್ಲ. ಜ್ವರದ ರೋಗಿಯನ್ನು ನಾವೆಲ್ಲ ದಿನಾ ನೋಡಿಕೊಳ್ಳುವ ಹಾಗೆಯೇ ನೋಡಿಕೊಂಡಿದ್ದರು, ಅಷ್ಟೇ. ನನಗೆ ಈಗಲೂ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಹಾಗಾಗಿ ಸುತ್ತೋಲೆ ಬರಲಿ ಅಂತ ಕಾಯಬೇಡಿ. ಜ್ವರದ ಜೊತೆ ಕೆಮ್ಮು ಇದ್ದವರಿಗೆ ಬಾಗಿಲಲ್ಲೇ ಮಾಸ್ಕ್. ಕಿಟಕಿ ಪಕ್ಕ ಅವರಿಗೆ ಬೇರೆ ಬೆಂಚು. ಆಮೇಲೆ ಎರಡೇ ಪ್ರಶ್ನೆ: ‘ಇತ್ತೀಚೆಗೆ ಎಲ್ಲಿಗಾದರೂ ಹೋಗಿದ್ರಾ? ಮನೆಯಲ್ಲಿ ಇನ್ಯಾರಿಗಾದರೂ ಹೀಗೇ ಆಗಿದೆಯಾ?’ ಕೋಯಿಕ್ಕೋಡಿನಲ್ಲಿ ಡಾಕ್ಟರುಗಳಿಗೆ ಅನುಮಾನ ಹುಟ್ಟಿದ್ದು ಒಂದೇ ಮನೆಯ ಇನ್ನೊಬ್ಬರು ಅದೇ ಲಕ್ಷಣದಿಂದ ಬಂದಾಗ. ಈ ಎರಡನೇ ಪ್ರಶ್ನೆಯನ್ನು ದಿನಾ ಕೇಳುವವರು ನರ್ಸ್ ಆಗಿದ್ದರೆ ಸುಳಿವು ಬೇಗ ಸಿಗುತ್ತದೆ.

ಇನ್ನು ಪಿಪಿಇ ಕಿಟ್, ಅಂದರೆ ಸೋಂಕು ತಗುಲದಂತೆ ಹಾಕುವ ರಕ್ಷಣಾ ಉಡುಪು. ಹಾಕಿಕೊಳ್ಳುವುದನ್ನು ಎಲ್ಲರೂ ಕಲಿಸುತ್ತಾರೆ. ಅಪಾಯ ಇರುವುದು ಬಿಚ್ಚುವಾಗ. ಆರು ತಾಸು ಆದಮೇಲೆ ಮೈಯೆಲ್ಲ ಬೆವರು, ಕನ್ನಡಕದ ಒಳಗೆ ಮಂಜು, ನೀರು ಕುಡಿದಿಲ್ಲ, ಬಾತ್‌ರೂಮಿಗೆ ಹೋಗಿಲ್ಲ. ಯಾವಾಗ ಕಿತ್ತೆಸೆಯುತ್ತೀನೋ ಅನಿಸುತ್ತದೆ. ಆಗಲೇ ಕೈ ಗೊತ್ತಿಲ್ಲದೆ ಮೂಗಿಗೆ ಹೋಗುವುದು. ಮೊದಲು ಹೊರಗಿನ ಗ್ಲೌಸ್, ಕೊನೆಗೆ ಮಾಸ್ಕ್, ಪ್ರತಿಯೊಂದು ಹಂತದ ನಂತರವೂ ಕೈ ಶುಚಿ. ಮಾಸ್ಕಿನ ಮುಂಭಾಗ ಮುಟ್ಟಬಾರದು, ಹಿಂದಿನ ಎಲಾಸ್ಟಿಕ್ ಹಿಡಿದು ತೆಗೆಯಬೇಕು. ಓದಿದರೆ ಸಲೀಸು. ಸುಸ್ತಾದಾಗ ಮರೆತುಹೋಗುತ್ತದೆ. ಅದಕ್ಕೇ ಎದುರಿಗೆ ಒಬ್ಬರು ನಿಂತು ‘ಈಗ ಕೈ... ಈಗ ಜಿಪ್... ನಿಧಾನ... ಮತ್ತೆ ಕೈ’ ಅಂತ ಹೇಳುತ್ತಾ ಹೋಗಬೇಕು. ನಾವು ಇವರನ್ನು ‘ಬಡ್ಡಿ’ ಅನ್ನುತ್ತಿದ್ದೆವು, ಸಾಲದ ಬಡ್ಡಿಯಲ್ಲ, ಇಂಗ್ಲಿಷಿನ buddy, ಅಂದರೆ ಜೊತೆಗಾರರು. ಬಡ್ಡಿ ಇಲ್ಲದೆ ಯಾರೂ ಕಿಟ್ ಬಿಚ್ಚಬಾರದು, ಸೂಪರಿಂಟೆಂಡೆಂಟ್ ಆದರೂ ಅಷ್ಟೇ.

ತರಬೇತಿಗೆ ಒಂದು ಉಪಾಯ ಹೇಳುತ್ತೇನೆ. ಗ್ಲೌಸ್ ಮೇಲೆ ಸ್ವಲ್ಪ ಕುಂಕುಮ ಹಚ್ಚಿ, ಆಮೇಲೆ ಕಿಟ್ ಬಿಚ್ಚಲು ಹೇಳಿ. ಮುಗಿದ ಮೇಲೆ ಕನ್ನಡಿ ತೋರಿಸಿ. ನಾನು ಮಾಡಿಸಿದ ಮೊದಲ ದಿನ ಇಪ್ಪತ್ತು ವರ್ಷ ಸರ್ವಿಸ್ ಆದ ಸಿಸ್ಟರ್ ಒಬ್ಬರ ಕತ್ತಿನ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತಿತ್ತು. ಅವರು ಮಾತಾಡಲಿಲ್ಲ. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಅಭ್ಯಾಸಕ್ಕೆ ನಿಂತಿದ್ದರು.

ಈಗ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. 2021ರ ಮೇ, ಎರಡನೇ ಅಲೆ. ನಾನು ಆಗ ಇದ್ದ ಆಸ್ಪತ್ರೆಯಲ್ಲಿ ಒಂದು ರಾತ್ರಿ ರೋಗಿಯೊಬ್ಬರ ಆಕ್ಸಿಜನ್ ಸಿಲಿಂಡರ್ ಖಾಲಿಯಾಯಿತು. ತುಂಬಿದ ಸಿಲಿಂಡರ್ ಪಕ್ಕದಲ್ಲೇ ನಿಂತಿತ್ತು. ರೆಗ್ಯುಲೇಟರ್ ಬಿಚ್ಚುವ ಸ್ಪ್ಯಾನರ್ ಮಾತ್ರ ಇರಲಿಲ್ಲ! ಅದು ಉಗ್ರಾಣದಲ್ಲಿ, ಉಗ್ರಾಣಕ್ಕೆ ಬೀಗ, ಬೀಗದ ಕೈ ಯಾರದೋ ಮನೆಯಲ್ಲಿ. ಕೊನೆಗೆ ಪಕ್ಕದ ಬೆಡ್ಡಿನ ಆಕ್ಸಿಜನ್ನನ್ನು ನಾವು ಇಬ್ಬರಿಗೂ ಹಂಚಿಟ್ಟೆವು, ಅಷ್ಟರಲ್ಲಿ ಆಂಬುಲೆನ್ಸ್ ಡ್ರೈವರ್ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತಂದುಕೊಟ್ಟರು. ರೋಗಿ ಉಳಿದರು. ಮರುದಿನವೇ ಪ್ರತಿ ವಾರ್ಡಿನ ಗೋಡೆಗೆ ಮೊಳೆ ಹೊಡೆಸಿ, ಒಂದೊಂದು ಸ್ಪ್ಯಾನರ್ ದಾರ ಕಟ್ಟಿ ನೇತುಹಾಕಿಸಿದೆ.

ಲೆಕ್ಕವನ್ನೂ ಅಲ್ಲೇ ಗೋಡೆ ಮೇಲೆ ಬರೆಸಿದೆ. ಜಂಬೊ ಸಿಲಿಂಡರ್ ತುಂಬಿದಾಗ ಸುಮಾರು 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ 700 ನಿಮಿಷ, ಹನ್ನೊಂದೂವರೆ ತಾಸಿಗಿಂತ ಚೂರು ಜಾಸ್ತಿ. ರಾತ್ರಿ 8ಕ್ಕೆ ಹಾಕಿದ್ದು ಬೆಳಿಗ್ಗೆ ಏಳೂವರೆ ದಾಟುವ ಹೊತ್ತಿಗೆ ಮುಗಿಯುತ್ತದೆ, ಅಂದರೆ ಸರಿಯಾಗಿ ಪಾಳಿ ಬದಲಾಗಿ ಹ್ಯಾಂಡೋವರ್ ನಡೆಯುವಾಗ, ಎಲ್ಲರೂ ರಿಜಿಸ್ಟರ್ ನೋಡುತ್ತಿರುವಾಗ. ಚೀಲ ಇರುವ ನಾನ್-ರಿಬ್ರೀದರ್ ಆಕ್ಸಿಜನ್ ಮಾಸ್ಕಿನಲ್ಲಿ 15 ಲೀಟರ್ ಇದ್ದರೆ ಎಂಟು ತಾಸೂ ಬರಲ್ಲ. ಮೂಗಿನ ಮೂಲಕ ರಭಸವಾಗಿ ಗಾಳಿ ಕೊಡುವ ಹೈ-ಫ್ಲೋ ಯಂತ್ರಕ್ಕೆ ನಿಮಿಷಕ್ಕೆ 60 ಲೀಟರ್ ಪೂರ್ತಿ ಆಕ್ಸಿಜನ್ನೇ ಕೊಟ್ಟರೆ ಎರಡು ತಾಸೂ ಸಾಲದು. ಈ ಲೆಕ್ಕ ಡಾಕ್ಟರಿಗಿಂತ ಮೊದಲು ನರ್ಸಿಗೆ ಬಾಯಿಪಾಠ ಆಗಿರಬೇಕು. ಯಾಕೆಂದರೆ ರಾತ್ರಿ ಮೂರಕ್ಕೆ ಮೀಟರಿನ ಮುಳ್ಳು ನೋಡುವವರು ನಾವೇ, ಅಲ್ವಾ?

ಕೊನೆಯದಾಗಿ ಡ್ಯೂಟಿ ಪಟ್ಟಿ. ಐಸಿಯುಗೆ ಒಬ್ಬ ರೋಗಿಗೆ ಒಬ್ಬ ನರ್ಸ್, ಅದರ ಮೇಲೆ ರಜೆಗೆಂದು ಶೇ 30 ಹೆಚ್ಚುವರಿ ಸಿಬ್ಬಂದಿ ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಕೌನ್ಸಿಲ್. ನಿಮ್ಮಲ್ಲಿ ಅಷ್ಟಿರಲ್ಲ, ಗೊತ್ತು. ಕೇಳುವುದನ್ನು ಬಿಡಬೇಡಿ, ಬರವಣಿಗೆಯಲ್ಲೇ ಕೇಳಿ. ಅಷ್ಟರಲ್ಲಿ ಕೈಯಲ್ಲಿರುವುದನ್ನು ಮಾಡಿ: ಜನರಲ್ ವಾರ್ಡಿನ ಇಬ್ಬರನ್ನು ಪ್ರತಿ ತಿಂಗಳು ಒಂದು ವಾರ ಐಸಿಯುಗೆ ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಆಕ್ಸಿಜನ್ ಕೊಡುವುದು, ರೋಗಿಯನ್ನು ಬೋರಲು ಮಲಗಿಸುವುದು, ಕಫ ಎಳೆದು ತೆಗೆಯುವ ಸಕ್ಷನ್, ಮಾನಿಟರ್ ನೋಡುವುದು. ಇವೆಲ್ಲ ಕೈಗೆ ಹತ್ತಬೇಕು. ಅಲೆ ಎದ್ದ ಮೇಲೆ ಕಲಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಇಷ್ಟಾದ ಮೇಲೆ ಫೈಲ್ ಮಾಡಿ, ಅದರಲ್ಲಿ ಬರೆಯಲು ನಿಮ್ಮ ಹತ್ತಿರ ನಿಜವಾದ ವಿಷಯ ಇರುತ್ತದೆ.

ಪ್ರಶ್ನೆ: ನೆಲ, ಟೇಬಲ್ ಒರೆಸಲು ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಎಷ್ಟು ಬೆರೆಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. — ವಾರ್ಡ್ ಸಹಾಯಕಿ, ತುಮಕೂರು

ಉತ್ತರ: ಕ್ಯಾನ್ ಮೇಲೆ 5% ಅಂತ ಇದ್ದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಆಗ 1% ಆಗುತ್ತದೆ, ಕೋವಿಡ್‌ನಲ್ಲಿ ನಾವು ಬಳಸಿದ್ದು ಅದನ್ನೇ. ಒಬ್ಬೊಬ್ಬರು ಒಂದೊಂದು ಹೇಳುವುದು ಕ್ಯಾನ್ ಬೇರೆ ಬೇರೆ ಆಗಿರುವುದರಿಂದ, ಹಾಗಾಗಿ ಮೊದಲು ಲೇಬಲ್ ಓದಿ. ದಿನಾ ಹೊಸದಾಗಿ ಬೆರೆಸಿ, ನಿನ್ನೆಯದು ಬೇಡ. ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ನೀವು ಕೇಳಿದ್ದು ತುಂಬ ಒಳ್ಳೆಯದಾಯಿತು.

ಪ್ರಶ್ನೆ: ಮಗಳು ನರ್ಸ್. 2020ರಲ್ಲಿ ಮನೆ ಮಾಲೀಕರು ಅವಳಿಂದ ರೋಗ ಬರುತ್ತದೆ ಅಂತ ಮನೆ ಬಿಡಿಸಿದ್ದರು. ಮತ್ತೆ ಹಾಗಾದರೆ ಏನು ದಾರಿ? — ಬಳ್ಳಾರಿಯ ತಾಯಿ

ಉತ್ತರ: ಅಮ್ಮಾ, ನಿಮ್ಮ ಮಗಳ ಹಾಗೆ ಆಗ ಎಷ್ಟೋ ಹುಡುಗಿಯರು ಹಾಸ್ಟೆಲಿಗೆ ಬಂದು ಸೇರಿದ್ದರು. ಅದು ತಪ್ಪು, ಕಾನೂನಿನ ಪ್ರಕಾರವೂ ತಪ್ಪು. 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆ ಮೂಲಕ ತಿದ್ದುಪಡಿ ತಂದಿತು. ಅದೇ ವರ್ಷ ಅದು ಸಂಸತ್ತಿನಲ್ಲೂ ಪಾಸಾಯಿತು. ಮಹಾಮಾರಿ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡುವುದಷ್ಟೇ ಅಲ್ಲ, ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆ ಕೊಡುವುದೂ ಅದರಲ್ಲಿ ಅಪರಾಧ. ಜಾಮೀನಿಲ್ಲದ ಅಪರಾಧ. ಮೂರು ತಿಂಗಳಿಂದ ಐದು ವರ್ಷದವರೆಗೆ ಜೈಲು, ತೀವ್ರ ಗಾಯ ಮಾಡಿದರೆ ಏಳು ವರ್ಷದವರೆಗೆ. ಮಾಲೀಕರು ಹೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ, ಆಸ್ಪತ್ರೆಗೂ ಠಾಣೆಗೂ ಲಿಖಿತವಾಗಿ ಕೊಡಿ. ಆಸ್ಪತ್ರೆಯವರಿಗೂ ಒಂದು ಮಾತು: ನರ್ಸುಗಳಿಗೆ ಉಳಿಯಲು ಕೋಣೆ ಗುರುತಿಸಿಡುವುದು ಸಿದ್ಧತೆಯ ಪಟ್ಟಿಯಲ್ಲೇ ಬರಬೇಕು.

ಪ್ರಶ್ನೆ: ಐದು ತಿಂಗಳು ಕೋವಿಡ್ ಐಸಿಯು ಮಾಡಿದೆ. ಇಷ್ಟು ವರ್ಷ ಆದರೂ ಮಾನಿಟರಿನ ಅಲಾರಂ ಕೇಳಿದಂತಾಗಿ ಎಚ್ಚರ ಆಗುತ್ತದೆ. ಮತ್ತೆ ಬಂದರೆ ನನ್ನಿಂದ ಆಗಲ್ಲ ಅನಿಸುತ್ತದೆ. — ಹೆಸರು, ಊರು ಬೇಡ

ಉತ್ತರ: ನೀವೊಬ್ಬರೇ ಅಲ್ಲ. ನನ್ನ ಜೊತೆ ಕೆಲಸ ಮಾಡಿದ ಹಲವರು ಇದನ್ನೇ ಹೇಳಿದ್ದಾರೆ. ನಿದ್ದೆ ಕೆಡುವುದು ವಾರಗಟ್ಟಲೆ ಹೀಗೇ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ, ದಯವಿಟ್ಟು ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಂದೆ ಐಸಿಯು ಡ್ಯೂಟಿ ಬೇಡ ಅನಿಸಿದರೆ ಈಗಲೇ ಇನ್‌ಚಾರ್ಜಿಗೆ ಹೇಳಿ. ಬಡ್ಡಿಯಾಗಿ ನಿಲ್ಲುವವರು, ಬಾಗಿಲಲ್ಲಿ ರೋಗಿಗಳನ್ನು ವಿಂಗಡಿಸುವವರು, ಹೊರಗೆ ಕಾಯುವ ಮನೆಯವರಿಗೆ ದಿನಕ್ಕೆರಡು ಸಲ ಫೋನ್ ಮಾಡುವವರು ಬೇಕೇ ಬೇಕು. ಆಗ ನಮ್ಮಲ್ಲಿ ಆ ಫೋನ್ ಮಾಡುತ್ತಿದ್ದ ಸಿಸ್ಟರ್ ಒಬ್ಬರು ರೋಗಿ ಏನು ತಿಂದರು ಅನ್ನುವುದನ್ನೂ ಬರೆದಿಟ್ಟುಕೊಂಡು ಹೇಳುತ್ತಿದ್ದರು. ‘ಅರ್ಧ ಇಡ್ಲಿ ತಿಂದ್ರು, ಚಟ್ನಿ ಖಾರ ಅಂದ್ರು.’ ಮನೆಯವರು ಕಾಯುತ್ತಿದ್ದದ್ದು ಆ ಮಾತಿಗೆ.